ನಾಲ್ಕನೇ ಹಂತದ ಸ್ತನ ಕ್ಯಾನ್ಸರ್ ಇದ್ದವರು ಓಡಾಡಲೇಬಾರದೇ?

ಹೇಳಿಕೆ: ಸ್ತನ ಕ್ಯಾನ್ಸರ್ ನಾಲ್ಕನೇ ಹಂತಕ್ಕೆ ಬಂದರೆ ಎಲ್ಲ ಮುಗಿದಂತೆ. ಓಡಾಡಿದರೆ ಇನ್ನಷ್ಟು ಹರಡುತ್ತದೆ, ರೆಸ್ಟ್ ಮಾಡಬೇಕು.

ವಾಸ್ತವ: ಇದು ತಪ್ಪು.

ನಾಲ್ಕನೇ ಹಂತ ಎಂದರೆ ಕ್ಯಾನ್ಸರ್ ಮೂಳೆ, ಶ್ವಾಸಕೋಶ, ಯಕೃತ್ತಿನಂತಹ ಬೇರೆ ಅಂಗಗಳಿಗೆ ಹರಡಿದೆ ಎಂದರ್ಥ. ಸಾಮಾನ್ಯವಾಗಿ ಇದು ಪೂರ್ತಿ ವಾಸಿಯಾಗುವುದಿಲ್ಲ. ಆದರೆ ಚಿಕಿತ್ಸೆಯಿಂದ ಹತೋಟಿಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಬದುಕುವವರಿದ್ದಾರೆ. ಮನೆಯವರು ಪ್ರೀತಿಯಿಂದಲೇ ಅವರ ಕೈಗೆ ಸೌಟು ಕೂಡ ಕೊಡುವುದಿಲ್ಲ.

ಯುರೋಪ್ ಮತ್ತು ಆಸ್ಟ್ರೇಲಿಯಾದ ಇಂತಹ 357 ರೋಗಿಗಳ ಅಧ್ಯಯನ 2024ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ಮೂಳೆಗೆ ಹರಡಿದ್ದವರೂ ಇದ್ದರು. ಒಂದು ಗುಂಪಿಗೆ 9 ತಿಂಗಳು ತರಬೇತುದಾರರ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿಸಲಾಯಿತು. ಇನ್ನೊಂದು ಗುಂಪಿಗಿಂತ ಅವರಿಗೆ ಸುಸ್ತು ಕಡಿಮೆಯಿತ್ತು, ಜೀವನದ ಗುಣಮಟ್ಟ ಉತ್ತಮವಾಗಿತ್ತು.

ಹಾಗೆಂದು ವ್ಯಾಯಾಮ ಚಿಕಿತ್ಸೆಗೆ ಬದಲಿಯಲ್ಲ. ಮೂಳೆಗೆ ಹರಡಿದ್ದರೆ ಕೆಲವು ಚಲನೆಗಳಿಂದ ಮೂಳೆ ಮುರಿಯುವ ಅಪಾಯವಿರುವುದರಿಂದ, ಮೊದಲು ವೈದ್ಯರನ್ನು ಕೇಳಿಯೇ ಶುರುಮಾಡಬೇಕು.

ಹಾರ್ಮೋನ್ ಮಾತ್ರೆಯೋ, ಕೀಮೋವೋ, ಹರ್-2 ವಿರುದ್ಧದ ಔಷಧವೋ ಎಂಬುದು ಗಡ್ಡೆಯ ಪರೀಕ್ಷೆಯ ವರದಿಯ ಮೇಲೆ ನಿಂತಿದೆ. ಅದರ ಜೊತೆಗೆ ಇದನ್ನೂ ಕೇಳಿ: ಇದರಿಂದ ಎಷ್ಟು ಲಾಭ? ಅಡ್ಡಪರಿಣಾಮವೇನು? ಎಷ್ಟು ಸಲ ಆಸ್ಪತ್ರೆಗೆ ಬರಬೇಕು? ಖರ್ಚೆಷ್ಟು? ಕೆಲಸಕ್ಕೆ ಹೋಗಬೇಕು, ಮಗಳ ಮದುವೆಯಲ್ಲಿ ಓಡಾಡಬೇಕು ಎಂಬ ಆಸೆಯಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಚಿಕಿತ್ಸೆ ಆರಿಸುವಾಗ ಅದೂ ಲೆಕ್ಕಕ್ಕೆ ಬರುತ್ತದೆ. ನೋವು, ವಾಂತಿ ತಗ್ಗಿಸುವ ಉಪಶಾಮಕ ಆರೈಕೆಯನ್ನು ಚಿಕಿತ್ಸೆಯ ಜೊತೆಯಲ್ಲೇ ಪಡೆಯಬಹುದು.

“ಎಲ್ಲ ಮುಗಿಯಿತು” ಎನ್ನುವ ಮೆಸೇಜ್ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ ಎನ್ನುತ್ತೇವೆ ನಾವು. ನಿಮ್ಮ ಗ್ರೂಪಿನಲ್ಲಿ ಅದನ್ನು ಓದುವವರಲ್ಲಿ ಈ ಕಾಯಿಲೆ ಇರುವವರೂ ಇರಬಹುದು.