ಮಕ್ಕಳ ಉಡುಪು: ಕಾಗದದ ನಕ್ಷೆಯಿಂದ ಮನೆಯ ಹೊಲಿಗೆ

ಅಂಗಿಯ ತೋಳು ಬಿಗಿಯಾಗಿದೆ ಎಂದಾಗಲಿ, ಕೊರಳ ಪಟ್ಟಿ ಒತ್ತುತ್ತಿದೆ ಎಂದಾಗಲಿ ಎಳೆಯ ಮಗು ಹೇಳಲಾರದು, ಅಳುತ್ತದೆ, ಅಷ್ಟೆ. ಮಗುವಿನ ಚರ್ಮ ಬಹು ಮೃದು. ಒರಟು ಹೊಲಿಗೆಯಿಂದಲೂ ಬೆವರನ್ನು ಹೀರದ ಬಟ್ಟೆಯಿಂದಲೂ ಅದು ಬೇಗನೆ ಕೆಂಪೇರುತ್ತದೆ. ಆದುದರಿಂದ ಮಕ್ಕಳ ಉಡುಪಿನಲ್ಲಿ ಅಂದಕ್ಕಿಂತ ಮೊದಲು ಗಮನಿಸಬೇಕಾದುದು ಸುಖ ಮತ್ತು ಸುರಕ್ಷತೆ. ಮನೆಯಲ್ಲಿ ಹೊಲಿಗೆ ಯಂತ್ರವೊಂದಿದ್ದರೆ, ಕಾಗದದ ನಕ್ಷೆಯ ನೆರವಿನಿಂದ ಇವೆರಡನ್ನೂ ಕಡಿಮೆ ಖರ್ಚಿನಲ್ಲಿ ಸಾಧಿಸಬಹುದು.

ನಕ್ಷೆ ಏಕೆ?

ನುರಿತ ದರ್ಜಿಯು ಬಟ್ಟೆಯ ಮೇಲೆಯೇ ಸೀಮೆಸುಣ್ಣದಿಂದ ಗೆರೆಯೆಳೆದು ಕತ್ತರಿಸಬಲ್ಲನು. ಕಲಿಯುವವರಿಗೆ ಆ ಧೈರ್ಯ ಸಲ್ಲದು. ಕಾಗದ ಕೆಟ್ಟರೆ ನಷ್ಟವಿಲ್ಲ. ಬಟ್ಟೆ ಕೆಟ್ಟರೆ ಹಣವೂ ಶ್ರಮವೂ ವ್ಯರ್ಥ. ಬೇರೆ ಬೇರೆ ಅಳತೆಗಳ ಕಾಗದದ ನಕ್ಷೆಗಳನ್ನು 1863ರಲ್ಲಿ ಮಾರಾಟಕ್ಕೆ ತಂದವನು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ದರ್ಜಿ ಎಬೆನೆಜರ್ ಬಟರಿಕ್. ಮನೆಯ ಬಳಕೆಗೆ ಅಂಥ ಸಿದ್ಧ ನಕ್ಷೆಯೇ ಬೇಕೆಂದಿಲ್ಲ. ಮಗುವಿನ ಅಳತೆಗೆ ಸರಿಯಾಗಿ ಕಂದು ಕಾಗದದ ಮೇಲೆ ನಾವೇ ಅದನ್ನು ಬರೆದುಕೊಳ್ಳಬಹುದು.

ದೊಡ್ಡವರ ನಕ್ಷೆಯನ್ನು ಕುಗ್ಗಿಸಿದರೆ ಮಗುವಿನ ಉಡುಪು ಆಗುವುದಿಲ್ಲ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಎದೆಯ ಸುತ್ತಳತೆಗಿಂತ ಹೆಚ್ಚು. ಸುಮಾರು ಒಂದು ವರ್ಷದ ಹೊತ್ತಿಗೆ ಎರಡೂ ಸಮನಾಗಿ, ಅನಂತರ ಎದೆ ಮುಂದಾಗುತ್ತದೆ. ಎಳೆಯ ಮಕ್ಕಳಿಗೆ ಸೊಂಟದ ಒಳಬಾಗು ಇರುವುದಿಲ್ಲ; ಹೊಟ್ಟೆ ಮುಂದೆ ಬಂದಿರುತ್ತದೆ. ಕೊರಳು ಚಿಕ್ಕದು, ತಲೆ ದೊಡ್ಡದು ಎಂಬುದೇ ಮಕ್ಕಳ ಹೊಲಿಗೆಯ ಮುಖ್ಯ ಸಮಸ್ಯೆ.

ಅಳತೆ ಮತ್ತು ನಕ್ಷೆ

ಸುಮಾರು ಮೂರು ವರ್ಷದ ಮಗುವಿಗೆ ತೋಳಿಲ್ಲದ ಫ್ರಾಕನ್ನು ಹೊಲಿಯಬೇಕೆಂದು ಇಟ್ಟುಕೊಳ್ಳೋಣ. ಎದೆಯ ಸುತ್ತಳತೆ, ಭುಜದ ಅಗಲ, ಭುಜದಿಂದ ಸೊಂಟದವರೆಗಿನ ಉದ್ದ ಮತ್ತು ಪೂರ್ಣ ಉದ್ದ, ಈ ನಾಲ್ಕು ಅಳತೆಗಳು ಸಾಕು. ಟೇಪನ್ನು ಬಿಗಿಯಾಗಿ ಎಳೆಯಬಾರದು.

ಎದೆಯ ಸುತ್ತಳತೆ 56 ಸೆಂ.ಮೀ. ಇದ್ದರೆ ಅದರ ನಾಲ್ಕನೆಯ ಒಂದು ಭಾಗ 14 ಸೆಂ.ಮೀ. ಕಂಕುಳಿನ ಆಳ ಇಷ್ಟೇ. ಅಗಲಕ್ಕೆ ಇದರೊಡನೆ 2.5 ಸೆಂ.ಮೀ. ಸಡಿಲವನ್ನು ಸೇರಿಸಿ 16.5 ಸೆಂ.ಮೀ. ಗುರುತಿಸಬೇಕು. ಹೀಗೆ ಅಂಗಿಯ ಒಟ್ಟು ಸುತ್ತು 66 ಸೆಂ.ಮೀ. ಆಗಿ, ಮಗು ಆಡಲು, ಉಸಿರಾಡಲು ಅವಕಾಶ ದೊರೆಯುತ್ತದೆ. ಕೊರಳಿನ ಅರ್ಧ ಅಗಲ ಎದೆಯ ಹನ್ನೆರಡನೆಯ ಒಂದು ಭಾಗ, ಅಂದರೆ ಸುಮಾರು 4.7 ಸೆಂ.ಮೀ. ಕೊರಳಿನ ಆಳ ಮುಂದೆ 5.5, ಹಿಂದೆ 2 ಸೆಂ.ಮೀ. ಭುಜವನ್ನು ಹೊರತುದಿಯಲ್ಲಿ 1.5 ಸೆಂ.ಮೀ. ಇಳಿಸಿ, ಅಲ್ಲಿಂದ ಕಂಕುಳಿಗೆ ಬಾಗಿದ ಗೆರೆ ಎಳೆಯಬೇಕು.

ಇಂಥ ಕೊರಳಿನಲ್ಲಿ ಮಗುವಿನ ತಲೆ ತೂರುವುದಿಲ್ಲ. ಆದುದರಿಂದ ಬೆನ್ನಿನ ನಡುವೆ ಸುಮಾರು 13 ಸೆಂ.ಮೀ. ಸೀಳು ಬಿಟ್ಟು ಗುಂಡಿ ಹಾಕುವುದು ಅವಶ್ಯ. ಕೆಳಭಾಗದ ನೆರಿಗೆಗೆ ಮೇಲ್ಭಾಗದ ಸುತ್ತಿನ ಒಂದೂವರೆಯಿಂದ ಎರಡು ಪಟ್ಟು ಅಗಲದ ಬಟ್ಟೆ ಬೇಕು.

ಕತ್ತರಿಸುವ ಮುನ್ನ

ಹೊಸ ಹತ್ತಿ ಬಟ್ಟೆ ಒಗೆದಾಗ ಕುಗ್ಗುತ್ತದೆ. ಅದನ್ನು ಕೆಲವು ಗಂಟೆ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಬಳಿಕವೇ ಕತ್ತರಿ ಹಿಡಿಯಬೇಕು. ನಕ್ಷೆಯ ನಡುಗೆರೆ ಬಟ್ಟೆಯ ಹಾಸಿನ ಎಳೆಗೆ ಸಮಾನಾಂತರವಾಗಿರಲಿ. ಓರೆಯಾದರೆ ಉಡುಪು ಜೋತುಬೀಳುತ್ತದೆ. ಹೂಬಳ್ಳಿಯ ಬಟ್ಟೆಯಾದರೆ ಎಲ್ಲ ತುಂಡುಗಳಲ್ಲಿಯೂ ಹೂಗಳು ಒಂದೇ ದಿಕ್ಕಿಗಿರಬೇಕು. ನಕ್ಷೆಯ ಗೆರೆಯ ಮೇಲೆಯೇ ಕತ್ತರಿಸದೆ ಹೊಲಿಗೆಗೆ ಅಂಚು ಬಿಡಬೇಕು: ಭುಜಕ್ಕೆ 1.5, ಪಕ್ಕಗಳಿಗೆ 2.5, ಕೆಳ ಮಡಿಕೆಗೆ 7ರಿಂದ 8 ಸೆಂ.ಮೀ. ಈ ವಯಸ್ಸಿನ ಮಗು ವರ್ಷಕ್ಕೆ ಆರೇಳು ಸೆಂ.ಮೀ. ಬೆಳೆಯುತ್ತದೆ. ಮಡಿಕೆಯನ್ನು ಬಿಚ್ಚಿ ಇಳಿಸಿದರೆ ಅದೇ ಫ್ರಾಕು ಮರುವರ್ಷಕ್ಕೂ ಬರುತ್ತದೆ.

ಹೊಲಿಗೆಯ ಕ್ರಮ

ತುಂಡುಗಳಿಗೆ ಕೈಯಿಂದ ಕಚ್ಚಾ ಹೊಲಿಗೆ ಹಾಕಿ, ಮಗುವಿಗೆ ಒಮ್ಮೆ ತೊಡಿಸಿ ನೋಡಬೇಕು. ಯಂತ್ರದಲ್ಲಿ ಮೊದಲು ಭುಜ, ಬೆನ್ನಿನ ಸೀಳು, ಅನಂತರ ಕೊರಳು ಮತ್ತು ಕಂಕುಳುಗಳಿಗೆ ಓರೆಪಟ್ಟಿ, ಬಳಿಕ ಪಕ್ಕಗಳು. ನೆರಿಗೆಯ ಭಾಗವನ್ನು ಜೋಡಿಸಿ, ಕೆಳಗಿನ ಮಡಿಕೆಯನ್ನು ಕೈಹೊಲಿಗೆಯಿಂದ ಮುಗಿಸಿದರೆ ಮುಂದೆ ಬಿಚ್ಚುವುದು ಸುಲಭ.

ಊರಿಗೆ ತಕ್ಕ ಬಟ್ಟೆ

ಚೆನ್ನೈಯ ಸೆಕೆಗೆ ತೆಳುವಾದ ಮಲ್ಲು, ಕೇಂಬ್ರಿಕ್ ಹಿತಕರ. ಮುಂಬಯಿಯ ಮಳೆಗಾಲದಲ್ಲಿ ದಪ್ಪ ಮಡಿಕೆಗಳು ಬೇಗ ಒಣಗುವುದಿಲ್ಲ. ಒಂಟಿಪದರದ ಸರಳ ಹೊಲಿಗೆಯೇ ಮೇಲು. ದೆಹಲಿಯ ಚಳಿಗೆ ಮೆತ್ತನೆಯ ಹತ್ತಿಯ ಒಳಅಂಗಿಯ ಮೇಲೆ ಫ್ಲಾನೆಲ್ ಬಟ್ಟೆಯ, ಮುಂದೆ ತೆರೆಯುವ ಅಂಗಿ ಅನುಕೂಲ.

ಎಚ್ಚರಿಕೆಗಳು

ಕೊರಳಿಗೆ ಕಟ್ಟುದಾರ ಬೇಡ. ಅದು ಎಲ್ಲಿಯಾದರೂ ಸಿಕ್ಕಿಕೊಂಡು ಉಸಿರು ಕಟ್ಟುವ ಅಪಾಯವಿದೆ. ಗುಂಡಿಗಳನ್ನು ಗಟ್ಟಿಯಾಗಿ ಹೊಲಿದು ಆಗಾಗ ಎಳೆದು ಪರೀಕ್ಷಿಸಬೇಕು. ಸಡಿಲವಾದ ಗುಂಡಿ ಮಗುವಿನ ಬಾಯಿ ಸೇರುವುದು ಕ್ಷಣದ ಮಾತು. ಬಳಸಿದ ಗುಂಡುಸೂಜಿಗಳನ್ನು ಎಣಿಸಿ ತೆಗೆದಿಡಬೇಕು. ಒಲೆ, ದೀಪ, ಪಟಾಕಿಗಳ ಬಳಿ ಜೋಲುವ ಉಡುಪು ಸಲ್ಲದು. ಹತ್ತಿಯೂ ಉರಿಯುವಂಥದೇ. ನೈಲಾನ್, ಪಾಲಿಯೆಸ್ಟರ್‌ಗಳಾದರೋ ಕರಗಿ ಚರ್ಮಕ್ಕೆ ಅಂಟಿಕೊಂಡು ಸುಟ್ಟಗಾಯವನ್ನು ಆಳವಾಗಿಸುತ್ತವೆ.

ಕಲಿಕೆಗೆ ಅವಕಾಶ

ಕ್ರಮವಾಗಿ ಕಲಿಯಬಯಸುವವರಿಗೆ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಹೊಲಿಗೆಯ ಶಿಕ್ಷಣವಿದೆ. 1967ರಲ್ಲಿ ಮುಂಬಯಿಯಲ್ಲಿ ಶ್ರಮಿಕ ವಿದ್ಯಾಪೀಠವೆಂಬ ಹೆಸರಿನಲ್ಲಿ ಆರಂಭಗೊಂಡ ಯೋಜನೆ ಇಂದು ಜನ ಶಿಕ್ಷಣ ಸಂಸ್ಥಾನವಾಗಿ ದೇಶದ ಹಲವು ಜಿಲ್ಲೆಗಳಲ್ಲಿದೆ. ಹೆಚ್ಚು ಓದಿಲ್ಲದವರಿಗೂ, ಶಾಲೆ ಬಿಟ್ಟವರಿಗೂ ಅಲ್ಲಿ ಕಸುಬಿನ ತರಬೇತಿ ದೊರೆಯುತ್ತದೆ.

ಮೊದಲ ಫ್ರಾಕು ಸಿದ್ಧವಾದ ಮೇಲೆ ನಕ್ಷೆಯನ್ನು ಎಸೆಯಬಾರದು. ಮಗುವಿನ ಹೆಸರು, ಅಳತೆ, ದಿನಾಂಕಗಳನ್ನು ಬರೆದು ಮಡಿಸಿಟ್ಟರೆ, ಮುಂದಿನ ವರ್ಷ ಎಷ್ಟು ಬೆಳೆಸಬೇಕೆಂಬುದನ್ನು ಆ ಕಾಗದವೇ ತಿಳಿಸುತ್ತದೆ.