ಕಾಯುವಾಗ ಕಂತೂ ನಿಲ್ಲುತ್ತಾ ತಾತ?

ಸವಳಂಗ ರಸ್ತೆಯ ನಮ್ಮ ಮನೆಯ ಎದುರಿನ ಖಾಲಿ ಸೈಟಿನಲ್ಲಿ ರಾತ್ರಿ ಹೊತ್ತು ಒಂದು ಪುಟ್ಟ ಲಗೇಜ್ ಗಾಡಿ ನಿಲ್ಲುತ್ತದೆ. ನಾಲ್ಕು ಚಕ್ರ, ಇಬ್ಬರು ಕೂರುವಷ್ಟು ಮುಂದಿನ ಗೂಡು, ಹಿಂದೆ ಮುಕ್ಕಾಲು ಟನ್ ಹೊರುವ ತೊಟ್ಟಿ. ಜನ ‘ಚೋಟಾ ಹಾಥಿ’ ಅನ್ನುತ್ತಾರಲ್ಲ, ಆ ಜಾತಿಯದು. ಟಾಟಾ ಕಂಪೆನಿ 2005ರಲ್ಲಿ ‘ಏಸ್’ ಎಂಬ ಹೆಸರಿನಲ್ಲಿ ಇದನ್ನು ಬೀದಿಗೆ ಬಿಟ್ಟ ಮೇಲೆ, ಲಾರಿ ಕೊಳ್ಳಲು ಶಕ್ತಿಯಿಲ್ಲದ ಎಷ್ಟೋ ಹುಡುಗರು ಸಾಲ ಮಾಡಿ ಗಾಡಿಯ ಮಾಲೀಕರಾದರು. ಮಾಲೀಕನೂ ಅವನೇ, ಡ್ರೈವರೂ ಅವನೇ, ಎಷ್ಟೋ ಸಲ ಹಮಾಲಿಯೂ ಅವನೇ.

ನಮ್ಮ ಎದುರಿನ ಗಾಡಿಯ ಹುಡುಗ ಹಾಗೆ ಮಾಲೀಕನಾದವನು. ವಯಸ್ಸು ಮೂವತ್ತರ ಆಸುಪಾಸು. ಬೆಳಿಗ್ಗೆ ಅವನಿಗೆ ಫೋನ್ ಬರುತ್ತದೆ. ಟ್ರಾನ್ಸ್‌ಪೋರ್ಟ್ ಆಫೀಸಿನ ಬುಕಿಂಗ್ ಗುಮಾಸ್ತರದು. ಯಾವ ಲೋಡು, ಎಲ್ಲಿಂದ ಎಲ್ಲಿಗೆ, ಎಷ್ಟು ಬಾಡಿಗೆ ಎಂದು ಹೇಳುವವರು ಅವರು. ಗಾಡಿ ಇವನದಾದರೂ ಗಾಡಿಯ ದಿನ ಅವರ ಕೈಯಲ್ಲಿ. ಆ ಫೋನು ನಮ್ಮ ವರಾಂಡಕ್ಕೂ ಕೇಳಿಸುತ್ತದೆ, ಏಕೆಂದರೆ ಹುಡುಗ ಸ್ಪೀಕರ್ ಹಾಕಿಕೊಂಡೇ ಗಾಜು ಒರೆಸುತ್ತಾನೆ. ಪಿಂಚಣಿದಾರನಿಗೆ ಬೇರೆ ಕೆಲಸವೇನು, ನಾನು ಕೇಳಿಸಿಕೊಳ್ಳುತ್ತೇನೆ.

‘ಭದ್ರಾವತಿಗೆ ಒಂದು ಲೋಡು ಉಂಟು. ಆರುನೂರೈವತ್ತು. ಹೋಗ್ತೀಯಾ, ಬೇರೆಯವನಿಗೆ ಹೇಳ್ಲಾ?’

‘ಎಂತ ಸಾರ್, ಒಂದು ಸ್ವಲ್ಪ ನೋಡಿ ಹಾಕಿ...’

‘ನೋಡೋದೆಂತ ಮಾರಾಯ, ಆರುನೂರಕ್ಕೆ ಹೋಗೋರಿದ್ದಾರೆ.’

‘ಆಯ್ತು ಸಾರ್, ಹೋಗ್ತೀನಿ.’

ಚೌಕಾಸಿ ಅಂದರೆ ಇಷ್ಟೇ. ಅರ್ಧ ನಿಮಿಷವೂ ಇಲ್ಲ.

ಮಳೆಗಾಲದ ಒಂದು ಸಂಜೆ ಅವನು ಒಂದು ಬ್ಯಾಂಕ್ ನೋಟಿಸು ಹಿಡಿದುಕೊಂಡು ನಮ್ಮ ಗೇಟಿಗೆ ಬಂದ. ಎರಡು ಕಂತು ಬಾಕಿ. ‘ದಿನಾ ದುಡೀತೀನಿ ಸಾರ್, ಗಾಡಿ ಒಂದು ದಿನ ನಿಲ್ಲಿಸಿಲ್ಲ. ಭದ್ರಾವತಿ ಟ್ರಿಪ್ಪಿಗೆ ಡೀಸೆಲ್ ಕಳೆದು 386 ರೂಪಾಯಿ ಉಳಿಯುತ್ತೆ. ಆದರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ಇರಲ್ಲ. ದುಡ್ಡು ಎಲ್ಲಿ ಹೋಗ್ತದೆ ಹೇಳಿ’ ಎಂದ. ನಾನು ಮೂವತ್ತು ವರ್ಷಕ್ಕೂ ಮೇಲೆ ಲೆಡ್ಜರ್ ಬರೆದವನು. ದುಡ್ಡು ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿದರೆ ಕೈ ತಾನಾಗಿ ಪೆನ್ಸಿಲ್ ಹುಡುಕುತ್ತದೆ. ಏಳನೇ ತರಗತಿಯ ಮೊಮ್ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಲೆಕ್ಕ ಶುರುವಾಯಿತು. ಮಕ್ಕಳೇ, ನೀವೂ ಪೆನ್ಸಿಲ್ ತೆಗೆದುಕೊಳ್ಳಿ. ಕೂಡುವುದು, ಕಳೆಯುವುದು, ಭಾಗಿಸುವುದು ಬಂದರೆ ಸಾಕು.

ಸವಳಂಗ ರಸ್ತೆಯ ಗೋದಾಮಿನಿಂದ ಊರೊಳಗೆ ಹೊಕ್ಕು, ತುಂಗೆಯ ಸೇತುವೆ ದಾಟಿ, ವಿದ್ಯಾನಗರ, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ಕಳೆದು, ಭದ್ರೆಯ ದಡದ ಭದ್ರಾವತಿಯ ಅಂಗಡಿ ಬಾಗಿಲಿಗೆ ಅವನ ಮೀಟರಿನಲ್ಲಿ 22 ಕಿಲೋಮೀಟರ್. ಹೋಗಿ ಬರಲು 44. ಡೀಸೆಲ್ ಲೀಟರಿಗೆ ಸುಮಾರು 90 ರೂಪಾಯಿ, ಗಾಡಿ ಲೀಟರಿಗೆ 15 ಕಿಲೋಮೀಟರ್ ಕೊಡುತ್ತದೆ. ಅಂದರೆ ಕಿಲೋಮೀಟರಿಗೆ 6 ರೂಪಾಯಿ. 44ಕ್ಕೆ 264. ಆರುನೂರೈವತ್ತರಲ್ಲಿ ಅದನ್ನು ಕಳೆದರೆ 386. ಹುಡುಗನ ಲೆಕ್ಕ ಸರಿಯಾಗಿಯೇ ಇತ್ತು.

ಆದರೆ ಚಕ್ರ ತಿರುಗಿದಾಗ ಸವೆಯುವುದು ಡೀಸೆಲ್ ಒಂದೇ ಅಲ್ಲ. ಟೈರು, ಆಯಿಲ್, ಬ್ರೇಕು, ಕ್ಲಚ್ಚು. ಅವನು ಪೆಟ್ಟಿಗೆಯಲ್ಲಿ ಇಟ್ಟಿದ್ದ ಗ್ಯಾರೇಜ್ ಚೀಟಿಗಳನ್ನೆಲ್ಲ ಕೂಡಿಸಿ, ಓಡಿದ ದೂರದಿಂದ ಭಾಗಿಸಿದರೆ ಕಿಲೋಮೀಟರಿಗೆ 2 ರೂಪಾಯಿ ಬಂತು. ಆರಕ್ಕೆ ಎರಡು ಸೇರಿ ಎಂಟು. 44 ಕಿಲೋಮೀಟರಿಗೆ 352.

ಆಮೇಲೆ ಗಾಡಿ ನಿಂತಿದ್ದರೂ ಕಟ್ಟಬೇಕಾದ್ದು. ಸಾಲದ ಕಂತು ತಿಂಗಳಿಗೆ 11,500. ವಿಮೆ ವರ್ಷಕ್ಕೆ 30,000, ಅಂದರೆ ತಿಂಗಳಿಗೆ 2,500. ಎಫ್‌ಸಿ, ಹೊಗೆ ತಪಾಸಣೆ ಇತ್ಯಾದಿಗೆ ತಿಂಗಳಿಗೆ 500 ಇಟ್ಟೆವು. ಒಟ್ಟು 14,500. ತಿಂಗಳಿಗೆ 25 ದಿನ ಕೆಲಸ ಎಂದರೆ ದಿನಕ್ಕೆ 580.

ಇಲ್ಲಿಗೆ ನಾನು ಪೆನ್ಸಿಲ್ ಕೆಳಗಿಡುವವನಿದ್ದೆ. ದಿನಕ್ಕೆ ಎಷ್ಟು ಟ್ರಿಪ್ ಮಾಡುತ್ತೀಯೋ ಅಷ್ಟರಿಂದ 580ನ್ನು ಭಾಗಿಸು ಎಂದು ಹೇಳಿ ಮುಗಿಸುತ್ತಿದ್ದೆ. ನಾನು ಕಲಿತದ್ದು ಹಾಗೆ. ಅಷ್ಟರಲ್ಲಿ ಮೊಮ್ಮಗಳು ಹುಡುಗನನ್ನು ಕೇಳಿದಳು: ‘ಅಣ್ಣಾ, ಭದ್ರಾವತಿಗೆ ಹೋಗಿ ಬರೋಕೆ ಎಷ್ಟು ಹೊತ್ತು?’

‘ಓಡೋದು ಐವತ್ತು ನಿಮಿಷ ಪುಟ್ಟಾ, ಬರೋದು ಐವತ್ತು. ಇಳಿಸೋಕೆ ಒಂದು ಐವತ್ತು. ಗೋದಾಮಿನ ಬಾಗಿಲಲ್ಲಿ ಕಾಯೋದು ಒಂದು ಗಂಟೆ.’

‘ಕಾಯುವಾಗ ಕಂತೂ ನಿಲ್ಲುತ್ತಾ ತಾತ?’ ಎಂದಳು ನನ್ನ ಕಡೆ ತಿರುಗಿ.

ನಿಲ್ಲುವುದಿಲ್ಲ. ಬಡ್ಡಿಗೆ ಭಾನುವಾರ ಇಲ್ಲ ಎಂದು ನಾವು ಬ್ಯಾಂಕಿನಲ್ಲಿ ತಮಾಷೆ ಮಾಡುತ್ತಿದ್ದೆವು. ಲೆಕ್ಕವನ್ನು ಟ್ರಿಪ್ಪಿನ ಮೇಲಲ್ಲ, ಗಂಟೆಯ ಮೇಲೆ ಹಾಕಬೇಕಿತ್ತು. ದಿನಕ್ಕೆ ಎಂಟು ಗಂಟೆ ಎಂದರೆ 580 ರೂಪಾಯಿ ಗಂಟೆಗೆ 72 ರೂಪಾಯಿ 50 ಪೈಸೆ ಆಯಿತು. ಭದ್ರಾವತಿ ಟ್ರಿಪ್ಪಿನ ಮೂರೂವರೆ ಗಂಟೆಗೆ ಹತ್ತಿರ ಹತ್ತಿರ 254. ಓಟದ ಖರ್ಚು 352, ನಿಂತ ಖರ್ಚು 254, ಒಟ್ಟು 606. ಆರುನೂರೈವತ್ತರಲ್ಲಿ ಕಳೆಯಿರಿ.

ನಲವತ್ತನಾಲ್ಕು ರೂಪಾಯಿ. ಮೂರೂವರೆ ಗಂಟೆ ಗಾಡಿ ಓಡಿಸಿ, ಸಿಮೆಂಟೋ ಟೈಲ್ಸೋ ಇಳಿಸಿಕೊಟ್ಟು, ಅವನ ಮೈಗೆ ಸಿಕ್ಕಿದ್ದು ಅಷ್ಟು. ಆರುನೂರಕ್ಕೆ ಹೋಗುವವನಿದ್ದಾನಲ್ಲ, ಅವನು ಪುಕ್ಕಟೆ ದುಡಿದು, ಮೇಲೆ ಆರು ರೂಪಾಯಿ ತಾನೇ ಕೊಟ್ಟು ಬರುತ್ತಾನೆ. ಹುಡುಗ ನೋಟ್‌ಬುಕ್ಕನ್ನು ತನ್ನ ಕಡೆ ತಿರುಗಿಸಿಕೊಂಡು ಎರಡು ಸಲ ಕೂಡಿಸಿ ನೋಡಿದ. ಏನೂ ಮಾತಾಡಲಿಲ್ಲ.

ನಾನೂ ಮಾತಾಡಲಿಲ್ಲ. ನನಗೆ ಬೇರೊಂದು ಲೆಕ್ಕ ನೆನಪಾಗಿತ್ತು.

ಎಂಬತ್ತರ ದಶಕದಲ್ಲಿ ನಾನು ಭದ್ರಾವತಿಯ ಒಂದು ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತ. ಆಗಿನ ಭದ್ರಾವತಿಯೇ ಬೇರೆ. 1923ರಿಂದ ಕಬ್ಬಿಣ ಕರಗಿಸುತ್ತಿದ್ದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ, ಎರಡರ ಹೊಟ್ಟೆ ತುಂಬಿಸಲು ಲಾರಿ ಟೆಂಪೋಗಳ ಸಾಲು. ವಾಹನ ಸಾಲದ ಅರ್ಜಿಯಲ್ಲಿ ‘ಅಂದಾಜು ಆದಾಯ’ ಎಂದೊಂದು ಕಲಮು ಇರುತ್ತಿತ್ತು. ಸಹಿ ಅಧಿಕಾರಿಯದು, ಗುಣಾಕಾರ ನನ್ನದು. ದಿನಕ್ಕೆ ನಾಲ್ಕು ಟ್ರಿಪ್, ತಿಂಗಳಿಗೆ 25 ದಿನ, ಟ್ರಿಪ್ಪಿಗೆ ಇಷ್ಟು ಎಂದು ಗುಣಿಸಿ ಬರೆಯುತ್ತಿದ್ದೆ. ನಾಲ್ಕು ಟ್ರಿಪ್ ಎಲ್ಲಿಂದ ಬಂತು? ಹಿಂದಿನ ಅರ್ಜಿಯಲ್ಲಿ ನಾಲ್ಕು ಎಂದಿತ್ತು. ಅದರ ಹಿಂದಿನದರಲ್ಲೂ ನಾಲ್ಕೇ.

ಒಬ್ಬರು ಮ್ಯಾಟಡಾರ್ ತೆಗೆದುಕೊಂಡರು. ವರ್ಷ ತುಂಬುವುದರೊಳಗೆ ಕಂತು ನಿಂತು, ಗಾಡಿಯನ್ನು ಬ್ಯಾಂಕು ಎಳೆದುಕೊಂಡು ಬಂತು. ಉಳಿತಾಯ ಖಾತೆಯಲ್ಲಿ ಇದ್ದ ಚೂರುಪಾರು ತೆಗೆಯಲು ಅವರು ನನ್ನ ಕೌಂಟರಿಗೆ ಬಂದರು. ಟೋಕನ್ ಕೊಡುತ್ತಿದ್ದಾಗ ಕೇಳಿದರು: ‘ನಂಗೆ ದಿನಕ್ಕೆ ಎರಡು ಟ್ರಿಪ್ ಸಿಕ್ಕಿದ್ರೆ ಹೆಚ್ಚು. ಆ ಫಾರಂನಲ್ಲಿ ನಾಲ್ಕು ಅಂತ ಬರೆದೋರು ಯಾರು ಸಾರ್?’ ‘ಅದೆಲ್ಲ ಆಫೀಸರ್ ನೋಡೋದು’ ಎಂದೆ. ಬರೆದ ಅಕ್ಷರ ನನ್ನದು. ಅವರು ಹೌದೇ ಎಂದು ತಲೆಯಾಡಿಸಿ ಹೋದರು. ಇದನ್ನು ಮನೆಯಲ್ಲಿ ಹೆಂಡತಿಗೂ ಹೇಳಿರಲಿಲ್ಲ.

ಅದಿರಲಿ. ಹುಡುಗನ ಕೆಲಸ ಮುಂದುವರಿಯಬೇಕಿತ್ತು. ದಿನಕ್ಕೆ 700 ರೂಪಾಯಿ ಕೂಲಿ ಸಿಕ್ಕರೆ ಸಾಕು ಎಂದ. ಗಾರೆ ಕೆಲಸದವರು ಕೇಳಿದರೆ ನಕ್ಕಾರು, ಆದರೆ ಅವನ ಆಸೆ ಅಷ್ಟೇ. 580ಕ್ಕೆ 700 ಸೇರಿ 1,280. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 160. ಹಾಗಾದರೆ ಅವನ ಗಾಡಿಯ ದರ ಎರಡೇ ಅಂಕಿ: ಗಂಟೆಗೆ 160, ಕಿಲೋಮೀಟರಿಗೆ 8. ಭದ್ರಾವತಿಗೆ 560 ಮತ್ತು 352, ಒಟ್ಟು 912. ಈ ಎರಡು ಅಂಕಿಗಳನ್ನು ಮೊಮ್ಮಗಳು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಗಾಡಿಯ ಸ್ಟೇರಿಂಗಿನ ಪಕ್ಕ ಅಂಟಿಸಿದಳು.

ಪ್ಯಾಸೆಂಜರ್ ಆಟೋಗೆ ಸಾರಿಗೆ ಪ್ರಾಧಿಕಾರ ಮೀಟರ್ ದರ ಗೊತ್ತುಮಾಡುತ್ತದೆ, ಲಗೇಜ್ ಗಾಡಿಗೂ ಹಾಗೆ ಮಾಡಬಾರದೇ ಎಂದು ನೀವು ಕೇಳಬಹುದು. 1988ರ ಮೋಟಾರು ವಾಹನ ಕಾಯ್ದೆಯ 67ನೇ ಕಲಮಿನಲ್ಲಿ ಸರಕು ವಾಹನಗಳ ಬಾಡಿಗೆಯ ಕನಿಷ್ಠ ಗರಿಷ್ಠಗಳ ಬಗೆಗೂ ನಿರ್ದೇಶನ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ. ಆದರೆ ನಮ್ಮ ಹುಡುಗನ ಬಾಡಿಗೆ ದಿನಾ ಗೊತ್ತಾಗುವುದು ಫೋನಿನಲ್ಲಿ. 2025ರಲ್ಲಿ ಕರ್ನಾಟಕವು ಗಿಗ್ ಕಾರ್ಮಿಕರಿಗಾಗಿ ಒಂದು ಕಾಯ್ದೆ ತಂದಿತು. ಆ್ಯಪ್ ಮೂಲಕ ಕೆಲಸ ಕೊಡುವ ಕಂಪೆನಿಗಳು ಕಾರ್ಮಿಕರ ಕಲ್ಯಾಣಕ್ಕೆಂದು ಶೇಕಡಾ 1ರಿಂದ 5ರವರೆಗೆ ಶುಲ್ಕ ಕಟ್ಟಬೇಕು, ಷರತ್ತು ಬದಲಿಸುವುದಾದರೆ 14 ದಿನ ಮೊದಲೇ ತಿಳಿಸಬೇಕು ಎಂದು ಅದರಲ್ಲಿದೆ. ಒಳ್ಳೆಯದೇ. ಆದರೆ ಟೇಬಲ್ಲಿನ ಮೇಲೆ ಒಂದು ಫೋನು, ಒಂದು ರಿಜಿಸ್ಟರು ಇಟ್ಟುಕೊಂಡು ಕೂತ ಬುಕಿಂಗ್ ಗುಮಾಸ್ತರು ಆ್ಯಪ್ ಅಲ್ಲವಲ್ಲ!

ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ನಾನೂ ಗುಮಾಸ್ತನೇ. ಅಂಗಡಿಯವನು ಇಷ್ಟು ಕೊಡುತ್ತೇನೆ ಎಂದಿರುತ್ತಾನೆ, ಮಾಲೀಕರ ಕಮಿಷನ್ ಇರುತ್ತದೆ, ನಡುವೆ ಇವರು. ಅವರಿಗೆ ಬೇಕಾದ್ದು ಹೇಳಿದ ಹೊತ್ತಿಗೆ ಬರುವ ಗಾಡಿ, ಒಡೆಯದೆ ತಲುಪುವ ಮಾಲು, ಸಹಿಯಾಗಿ ವಾಪಸ್ ಬರುವ ಚಲನ್. ‘ಇದು ಮೂರೂ ನಿನ್ನ ಹತ್ತಿರ ಉಂಟಲ್ಲ, ಅದನ್ನು ಹೇಳಿ ದರ ಕೇಳು. ಕಂತು ಬಾಕಿ ಇದೆ, ಮಗಳ ಫೀಸು ಕಟ್ಟಬೇಕು ಅಂತ ಹೇಳಬೇಡ’ ಎಂದೆ. ಕಷ್ಟ ಹೇಳಿಕೊಂಡವನಿಗೆ ಕನಿಕರ ಸಿಗಬಹುದು, ಆದರೆ ಇವನು ಎಷ್ಟಕ್ಕಾದರೂ ಬರುತ್ತಾನೆ ಎಂಬ ಗುಟ್ಟು ಆ ಕಡೆಯವರಿಗೆ ಗೊತ್ತಾಗಿಬಿಡುತ್ತದೆ. ದರ ಮಾತಾಡುವುದು ಲೋಡು ಹತ್ತಿಸುವ ಮೊದಲು. ಎಷ್ಟು ತೂಕ, ಎಷ್ಟನೇ ಮಹಡಿ, ಇಳಿಸುವವರು ಯಾರು, ಬರುವಾಗ ಏನಾದರೂ ಸಿಗುತ್ತದೆಯೇ ಎಂದು ಕೇಳಿದ ಮೇಲೆ. ಮಾತಾದ ಮೇಲೆ ವಾಟ್ಸ್ಆ್ಯಪ್ಪಿನಲ್ಲಿ ಒಂದು ಸಾಲು.

ಮಾರನೆಯ ವಾರ ಫೋನು ಬಂದಾಗ ಅವನು ಗಾಜು ಒರೆಸುವುದನ್ನು ನಿಲ್ಲಿಸಿ ಮಾತಾಡಿದ. ಒಂಬೈನೂರು ಕೇಳಿದ. ಆ ಕಡೆ ನಗು ಕೇಳಿಸಿತು. ‘ಒಂಬೈನೂರು ಕೊಡ್ತೀನಿ, ಒಂದೂವರೆ ಟನ್ ಹಾಕ್ಕೊಂಡು ಹೋಗು’ ಎಂದರು. ಮಿತಿ ಮೀರಿ ಹೇರಿ ಸಿಕ್ಕಿಬಿದ್ದರೆ 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಟನ್ನಿಗೆ 2,000. ದಂಡ ಕಟ್ಟುವವನು ಗಾಡಿಯವನು. ಅವನು ಬೇಡ ಎಂದ. ಆರುನೂರೈವತ್ತಕ್ಕೂ ಬೇಡ ಎಂದ. ಫೋನು ಇಟ್ಟ ಮೇಲೆ ಅವನ ಕೈ ನಡುಗುತ್ತಿದ್ದುದನ್ನು ನಾನು ಕಂಡೆ.

ಹನ್ನೊಂದು ದಿನ ಆ ಆಫೀಸಿನಿಂದ ಕರೆ ಬರಲಿಲ್ಲ. ಇದನ್ನೂ ಬರೆಯಬೇಕು, ಬರೆಯದಿದ್ದರೆ ಸುಳ್ಳಾಗುತ್ತದೆ. ಆ ದಿನಗಳಲ್ಲಿ ನವುಲೆ ಕಡೆ ಮನೆ ಬದಲಿಸುವವರ ಮಂಚ, ಬೀರು, ಹಾಸ್ಟೆಲ್ ಹುಡುಗರ ಟ್ರಂಕು ಸಾಗಿಸಿ ಡೀಸೆಲ್ಲಿಗೆ ದುಡ್ಡು ಮಾಡಿಕೊಂಡ. ಒಂದು ರಾತ್ರಿ ಅವನ ಹೆಂಡತಿ ನಮ್ಮ ಗೇಟಿನ ಹೊರಗೆ ನಿಂತು, ‘ಸಾರ್, ನೀವು ಹೇಳಿದ ಲೆಕ್ಕ ಸರಿ ಇರಬಹುದು, ಆದರೆ ಒಲೆ?’ ಎಂದಳು. ನನಗೆ ಅಂದು ನಿದ್ದೆ ಬರಲಿಲ್ಲ. ಎರಡನೆಯ ಸಲವೂ ಕಾಗದದ ಮೇಲೆ ಕೂಡಿಸಿ ಯಾರದೋ ಗಾಡಿ ಕಳೆದೆನೇ ಎನ್ನಿಸಿತು.

ಹನ್ನೆರಡನೆಯ ದಿನ ಕರೆ ಬಂತು. ಆರುನೂರಕ್ಕೆ ಹೋಗುತ್ತಿದ್ದವನ ಗಾಡಿ ಗ್ಯಾರೇಜಿನಲ್ಲಿತ್ತು. ಟೈರಿಗೆ ಅವನ ಹತ್ತಿರ ದುಡ್ಡಿರಲಿಲ್ಲ. ಎಲ್ಲಿಂದ ಇರಬೇಕು? ಮಾತುಕತೆ ಈ ಸಲ ಆರು ನಿಮಿಷ ನಡೆಯಿತು. ಕೊನೆಗೆ ಗೊತ್ತಾದದ್ದು 750. ಗೋದಾಮಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕಾಯಿಸಿದರೆ ಪ್ರತಿ ಅರ್ಧ ಗಂಟೆಗೆ 80. ಭದ್ರಾವತಿಯಿಂದ ಬರುವ ಲೋಡು ಇದ್ದರೆ ಮೊದಲು ಇವನಿಗೆ. 912 ಆಗಲಿಲ್ಲ. 44 ರೂಪಾಯಿ 144 ಆಯಿತು, ಅಷ್ಟೇ. ಆದರೆ ವಿಚಿತ್ರ ನೋಡಿ, ಕಾಯುವುದಕ್ಕೆ ದರ ಬಿದ್ದ ಮೇಲೆ ಗೋದಾಮಿನ ಬಾಗಿಲು ಬೇಗ ತೆರೆಯತೊಡಗಿತು.

ವಾಪಸ್ ಲೋಡು ಮಾತ್ರ ವಾರಕ್ಕೆ ಒಂದೆರಡು. ಕಾಗದದ ಕಾರ್ಖಾನೆ ನಿಂತು ವರ್ಷಗಳೇ ಆದವು. ಭದ್ರಾವತಿಗೆ ಮಾಲು ಹೋಗುವಷ್ಟು ಅಲ್ಲಿಂದ ಬರುವುದಿಲ್ಲ. ಅಮೆರಿಕದ ಟ್ರಕ್ಕಿನವರು ಇಂಥ ಖಾಲಿ ಓಟಕ್ಕೆ ‘ಡೆಡ್‌ಹೆಡ್’ ಎನ್ನುತ್ತಾರಂತೆ, ಅವರಿಗೂ ಇದೇ ತಲೆನೋವು.

ಮೊನ್ನೆ ಬೆಳಿಗ್ಗೆ ಅವನು ಬಾಕಿ ಕಂತು ಕಟ್ಟಿದ ರಸೀದಿ ತೋರಿಸಲು ಬಂದಾಗ, ಮೊಮ್ಮಗಳೂ ಇದ್ದಳು, ಆ ಮ್ಯಾಟಡಾರ್ ಕಥೆಯನ್ನು ಇಬ್ಬರಿಗೂ ಹೇಳಿದೆ. ಫಾರಂನಲ್ಲಿ ನಾಲ್ಕು ಎಂದು ಬರೆದವನು ನಾನೇ ಎಂದೂ ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗೋದಾಮಿನಲ್ಲಿ ಎಷ್ಟು ಹೊತ್ತು ಕಾಯಿಸ್ತಿದ್ರಂತೆ ಸಾರ್ ಅವರನ್ನ?’ ಎಂದು ಕೇಳಿದ.

ನಾನು ಕೇಳಿರಲಿಲ್ಲ ಎಂದೆ.

ಅವನು ಗಾಡಿ ಸ್ಟಾರ್ಟ್ ಮಾಡಿದ. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಹೊರಟ ಸಮಯ ಬರೆದುಕೊಂಡಳು: 8 ಗಂಟೆ 10 ನಿಮಿಷ, ಭದ್ರಾವತಿ, 750.