ಆಡು ಮುಟ್ಟದ ಆಡುಸೋಗೆ: ಬೇಲಿಯಿಂದ ಮನೆಯಂಗಳಕ್ಕೆ

ಆಡು ಮುಟ್ಟದ ಸೊಪ್ಪಿಲ್ಲ ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಆ ಗಾದೆಯನ್ನು ಸುಳ್ಳು ಮಾಡುತ್ತ ಬೇಲಿಯಲ್ಲಿ ನಿಂತಿರುವ ಗಿಡ ಆಡುಸೋಗೆ. ಇದರ ಎಲೆ ಎಷ್ಟು ಕಹಿಯೆಂದರೆ, ಹಸಿದ ಆಡು ಕೂಡ ಒಮ್ಮೆ ಮೂಸಿ ಮುಂದಕ್ಕೆ ನಡೆಯುತ್ತದೆ. ಅತ್ತಿಬೆಲೆ ದಾಟಿದರೆ ತಮಿಳಿನವರು ಇದನ್ನು ‘ಆಡಾತೊಡೈ’ ಎನ್ನುತ್ತಾರೆ. ಆಡು ಮುಟ್ಟದ ಗಿಡ ಎಂದೇ ಅಲ್ಲಿನ ಜನ ಅದರ ಅರ್ಥವನ್ನು ಹೇಳುವುದುಂಟು. ಲಿನೇಯಸ್ 1753ರಲ್ಲಿ ಕೊಟ್ಟ ‘ಜಸ್ಟೀಷಿಯಾ ಅಧಟೋಡ’ ಎಂಬ ಶಾಸ್ತ್ರೀಯ ಹೆಸರಿನಲ್ಲಿಯೂ ಆ ಪದವೇ ಅಡಗಿದೆ. ಸಂಸ್ಕೃತದಲ್ಲಿ ಇದು ವಾಸಾ, ಆಟರೂಷಕ; ಬಾಯ್ದೆರೆದ ಸಿಂಹದಂತೆ ಕಾಣುವ ಹೂವಿನಿಂದಾಗಿ ಸಿಂಹಾಸ್ಯ ಎಂಬ ಹೆಸರೂ ಉಂಟು.

ಎಂಬತ್ತರ ದಶಕದ ಕೊನೆಯಲ್ಲಿ ನಾವು ಆನೇಕಲ್ಲಿನಲ್ಲಿ ವೈದ್ಯವೃತ್ತಿ ಆರಂಭಿಸಿದಾಗ ರಾಗಿ ಹೊಲಗಳ ಬದುವಿನಲ್ಲಿ ಲಕ್ಕಿ, ಕತ್ತಾಳೆ, ಕಳ್ಳಿಗಳೊಡನೆ ಆಡುಸೋಗೆಯೂ ಬೇಲಿಯಾಗಿ ನಿಂತಿರುತ್ತಿತ್ತು. ಕೆಮ್ಮಿನ ಮಗುವಿರುವ ಮನೆಯವರಿಗೆ ನಾವು ಚೀಟಿ ಬರೆದುಕೊಡುತ್ತಿರಲಿಲ್ಲ, ದಾರಿಯನ್ನು ಹೇಳಿ ಕಳುಹಿಸುತ್ತಿದ್ದೆವು. ಇಂದು ಬೊಮ್ಮಸಂದ್ರ, ಜಿಗಣಿ, ಚಂದಾಪುರಗಳ ಸುತ್ತ ಆ ಬದುಗಳು ಬಡಾವಣೆಗಳಾಗಿವೆ. ಬೇಲಿಯಿದ್ದಲ್ಲಿ ಕಾಂಪೌಂಡ್ ಗೋಡೆ ಎದ್ದಿದೆ. ಉಳಿದ ಆಡುಸೋಗೆ ರಾಜಕಾಲುವೆಯ ಅಂಚಿಗೋ ಹೆದ್ದಾರಿಯ ಬದಿಗೋ ಸರಿದಿದೆ.

ಹೀಗಾಗಿ ಒಂದು ಹಿಡಿ ಎಲೆಯನ್ನು ತಂದು, “ಇದು ಆಡುಸೋಗೆಯೇ ಅಲ್ಲವೇ ಡಾಕ್ಟ್ರೇ?” ಎಂದು ಕೇಳುವವರಿಗೆ ನಾವು ಮೊದಲು ಹಾಕುವ ಪ್ರಶ್ನೆ, “ಎಲ್ಲಿ ಕಿತ್ತಿರಿ ತಾಯಿ?” ಎಂಬುದು. ಗಿಡದ ಗುರುತು ಸರಿಯಿದ್ದು ನೆಲ ಸರಿಯಿಲ್ಲದಿದ್ದರೆ ಆ ಎಲೆ ಔಷಧವಾಗದು. ಚಂದಾಪುರ ಕೆರೆಯ ಮಾಲಿನ್ಯಕ್ಕಾಗಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2022ರಲ್ಲಿ ರಾಜ್ಯ ಸರ್ಕಾರಕ್ಕೆ 500 ಕೋಟಿ ರೂಪಾಯಿ ಪರಿಹಾರದ ಹೊಣೆ ಹೊರಿಸಿದ್ದನ್ನು ಓದುಗರು ಮರೆತಿರಲಾರರು. ಅಂತಹ ನೀರು ಹರಿಯುವ ಕಡೆ ಬೆಳೆದ ಗಿಡ ತನಗೆ ಬೇಕಾದುದರ ಜೊತೆಗೆ ಸೀಸ, ಕ್ಯಾಡ್ಮಿಯಂಗಳಂತಹ ಲೋಹಗಳನ್ನೂ ಹೀರಬಲ್ಲುದು. ಆಯುರ್ವೇದ ಔಷಧ ಸಾಮಗ್ರಿಯಲ್ಲಿ ಸೀಸ ಹತ್ತು ಲಕ್ಷ ಪಾಲಿನಲ್ಲಿ 10 ಪಾಲನ್ನು, ಕ್ಯಾಡ್ಮಿಯಂ 0.3 ಪಾಲನ್ನು ಮೀರಕೂಡದೆಂದು ನಮ್ಮ ದೇಶದ ಔಷಧಕೋಶ ಮಿತಿ ಹಾಕಿದೆ. ಕಾರ್ಖಾನೆಗೆ ಬರುವ ಎಲೆಯನ್ನು ಪರೀಕ್ಷಿಸುವವರಿದ್ದಾರೆ. ಮನೆಯ ಒಲೆಯ ಮೇಲೆ ಕುದಿಯುವ ಎಲೆಯನ್ನು ಪರೀಕ್ಷಿಸುವವರು ಯಾರು?

ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಔಷಧಿಯ ನೆಲವನ್ನು ಆರಿಸುವುದಕ್ಕಾಗಿಯೇ ಒಂದು ಅಧ್ಯಾಯವಿದೆ. ಹುತ್ತ, ಸ್ಮಶಾನ, ವಧಾಸ್ಥಾನ, ಉಸುಕು ನೆಲ ಇವುಗಳಿಂದ ಮೂಲಿಕೆಯನ್ನು ತರಬಾರದೆಂಬುದು ಅಲ್ಲಿನ ಕಟ್ಟಳೆ. ಧನ್ವಂತರಿ ರಸ್ತೆಯ ಸರ್ಕಾರಿ ಆಯುರ್ವೇದ ಕಾಲೇಜಿನಲ್ಲಿ ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಅದರ ಬೆಲೆ ತಿಳಿದದ್ದು ಕೆರೆಗಳು ನೊರೆಯುಗುಳತೊಡಗಿದ ಮೇಲೆ.

ಆದುದರಿಂದ ಬೇಲಿಯ ಗಿಡವನ್ನು ಮನೆಯಂಗಳಕ್ಕೆ ತರುವುದೇ ಉಳಿದಿರುವ ದಾರಿ. ಇದಕ್ಕೆ ಬೀಜವನ್ನು ಹುಡುಕಬೇಕಿಲ್ಲ, ಕಡ್ಡಿ ಸಾಕು. ಆರಿದ್ರಾ ಮಳೆ ಹಿಡಿದ ಮೇಲೆ, ಹಸಿರು ಕಳೆದು ಕಂದುಬಣ್ಣಕ್ಕೆ ತಿರುಗುತ್ತಿರುವ, ಪೆನ್ಸಿಲಿನ ದಪ್ಪದ ಕೊಂಬೆಯನ್ನು ಆರಿಸಬೇಕು. ತೀರ ಎಳೆಯದು ಕೊಳೆಯುತ್ತದೆ, ತೀರ ಬಲಿತದ್ದು ತಡವಾಗಿ ಬೇರು ಬಿಡುತ್ತದೆ. ಮೂರು ನಾಲ್ಕು ಗಿಣ್ಣುಗಳಿರುವಂತೆ ಒಂದು ಗೇಣಿನಷ್ಟು ಉದ್ದಕ್ಕೆ ಕತ್ತರಿಸಿ, ಕೆಳತುದಿಯನ್ನು ಓರೆಯಾಗಿಯೂ ಮೇಲ್ತುದಿಯನ್ನು ನೇರವಾಗಿಯೂ ಕೊಯ್ದರೆ ತಲೆಕೆಳಗಾಗಿ ನೆಡುವ ಪ್ರಮಾದ ತಪ್ಪುತ್ತದೆ. (ನಗಬೇಡಿ, ನಾವೂ ಒಮ್ಮೆ ಹಾಗೆ ನೆಟ್ಟು ಒಂದು ತಿಂಗಳು ನೀರೆರೆದಿದ್ದೇವೆ.) ಕೆಳಗಿನ ಎಲೆಗಳನ್ನೆಲ್ಲ ತೆಗೆದು, ಮೇಲಿನ ಎರಡನ್ನು ಅರ್ಧಕ್ಕೆ ಕತ್ತರಿಸಿ, ಎರಡು ಗಿಣ್ಣುಗಳು ಮಣ್ಣಿನೊಳಗೆ ಹೋಗುವಂತೆ ಊರಿ ನೆರಳಿನಲ್ಲಿಡಬೇಕು. ಒಂದೆರಡು ತಿಂಗಳಲ್ಲಿ ಬೇರು ಹಿಡಿಯುತ್ತದೆ. ಚಿಗುರು ಕಂಡ ಮಾತ್ರಕ್ಕೆ ಬೇರು ಬಂತೆಂದು ತಿಳಿದು ಕಿತ್ತುನೋಡುವ ಚಪಲ ಮಾತ್ರ ಬೇಡ. ಕಡ್ಡಿಯೊಳಗಿನ ಸಾರದಿಂದಲೇ ಮೊದಲ ಚಿಗುರು ಬರುತ್ತದೆ.

ನಮ್ಮ ತಾಲ್ಲೂಕಿನ ಕೆಂಪು ಮಣ್ಣು ಇದಕ್ಕೆ ಹೇಳಿ ಮಾಡಿಸಿದ್ದು. ನೀರು ಇಂಗಬೇಕು, ನಿಲ್ಲಬಾರದು. ಆಡುಸೋಗೆ ಬರವನ್ನು ತಾಳುತ್ತದೆ, ಕೆಸರನ್ನು ತಾಳುವುದಿಲ್ಲ. ಬೇಲಿಗಾದರೆ ಒಂದೊಂದು ಅಡಿಗೆ, ಬಿಡಿ ಗಿಡಗಳಾದರೆ ಎರಡಡಿಗೆ ಒಂದರಂತೆ ನೆಡಬಹುದು. ನೆಡುವಾಗ ಒಂದು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ ಸಾಕು. ಮುಂದೆ ವರ್ಷಕ್ಕೊಮ್ಮೆ ಇಷ್ಟೇ ಕೊಟ್ಟರೆ ಬೇರೇನನ್ನೂ ಕೇಳದು. ಅಪಾರ್ಟ್‌ಮೆಂಟಿನವರು ಒಂದೂವರೆ ಅಡಿ ಆಳದ ಕುಂಡದಲ್ಲಿ ಬೆಳೆಸಬಹುದು. ಅರ್ಧ ದಿನದ ಬಿಸಿಲು ಬರುವ ಬಾಲ್ಕನಿಯಾದರೆ ಒಳ್ಳೆಯದು. ಬಡಾವಣೆ ಕಟ್ಟುವಾಗ ಎಲ್ಲಿಂದಲೋ ತಂದು ಸುರಿದ ಮಣ್ಣನ್ನು ಮಾತ್ರ ಕುಂಡಕ್ಕೆ ತುಂಬಬಾರದು. ಕೆರೆಯ ಹೂಳಂತೂ ಸರ್ವಥಾ ಬೇಡ.

ಹೂವು ಬರುವವರೆಗೆ ಗುರುತಿನ ಬಗ್ಗೆ ಎಚ್ಚರವಿರಲಿ. ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ, ಈಟಿಯಂತೆ ಎರಡೂ ತುದಿಗೆ ಚೂಪಾಗುತ್ತವೆ, ಗಿಣ್ಣುಗಳು ಉಬ್ಬಿರುತ್ತವೆ. ಹೂವು ಬಿಳಿ, ಕೆಳದುಟಿಯ ಮೇಲೆ ನೇರಳೆ ಗೆರೆಗಳು. ತೆನೆಯಲ್ಲಿ ಹೂವಿಗೊಂದು ಹಸಿರು ಎಲೆಯ ಹೊದಿಕೆ. ಎಲೆಯನ್ನು ಕುದಿಸಿದ ನೀರು ಹಳದಿಯಾಗುತ್ತದೆ. ಹಿಂದೆ ಬಟ್ಟೆಗೆ ಈ ಬಣ್ಣವನ್ನು ಕಟ್ಟುತ್ತಿದ್ದರು. ಅನುಮಾನವಿದ್ದರೆ ಹೂವು ಬಿಡುವ ಚಳಿಗಾಲದವರೆಗೆ ಕಾಯುವುದರಿಂದ ನಷ್ಟವೇನಿಲ್ಲ.

ಮೊದಲ ವರ್ಷ ಎಲೆಗಾಗಿ ಕೈಹಾಕಬಾರದು. ಎರಡನೆಯ ವರ್ಷದಿಂದ ಆಳೆತ್ತರಕ್ಕೆ ಬಿಡದೆ ಸೊಂಟದೆತ್ತರಕ್ಕೆ ಸವರುತ್ತಿದ್ದರೆ ಗಿಡ ಪೊದೆಯಾಗಿ ಎಲೆ ಹೆಚ್ಚುತ್ತದೆ. ಸವರಿದ ಸೊಪ್ಪನ್ನು ತೆಂಗಿನ ಬುಡಕ್ಕೆ ಹಾಕಿದರೆ ಹಸಿರುಗೊಬ್ಬರವೂ ಆಯಿತು. ಔಷಧಕ್ಕೆ ಬಲಿತ ಎಲೆಯೇ ಬೇಕು. ಬೆಳಗಿನ ಇಬ್ಬನಿ ಆರಿದ ಮೇಲೆ ಕೊಯ್ದು, ನೆರಳಿನಲ್ಲಿ ತೆಳುವಾಗಿ ಹರಡಿ, ಮುರಿದರೆ ಸದ್ದಾಗುವಷ್ಟು ಒಣಗಿಸಬೇಕು. ಬೂಷ್ಟು ಹಿಡಿದುದನ್ನು ಕಷಾಯಕ್ಕೆ ಬಳಸದೆ ತಿಪ್ಪೆಗೆ ಹಾಕಿ.

ಹಸಿ ಎಲೆಯನ್ನು ಜಜ್ಜಿದರೆ ರಸ ಸುಲಭವಾಗಿ ಬರುವುದಿಲ್ಲ. ಅದಕ್ಕಾಗಿ ಶಾರ್ಙ್ಗಧರ ಸಂಹಿತೆ ಪುಟಪಾಕ ವಿಧಾನವನ್ನು ಹೇಳುತ್ತದೆ. ಅರೆದ ಎಲೆಯನ್ನು ಉಂಡೆ ಕಟ್ಟಿ, ಬೇರೆ ಎಲೆಯಲ್ಲಿ ಸುತ್ತಿ, ಎರಡು ಬೆರಳು ದಪ್ಪ ಮಣ್ಣು ಮೆತ್ತಿ, ಮಣ್ಣು ಕೆಂಪಾಗುವವರೆಗೆ ಕೆಂಡದಲ್ಲಿ ಸುಟ್ಟು, ಒಳಗಿನದನ್ನು ಹಿಂಡುವುದು. ಇಂದಿನ ಅಡುಗೆಮನೆಯಲ್ಲಿ ಇಡ್ಲಿ ಪಾತ್ರೆಯ ಹಬೆಯಲ್ಲಿ ಹತ್ತು ನಿಮಿಷ ಬೇಯಿಸಿ ಹಿಂಡಿದರೂ ನಡೆಯುತ್ತದೆ. ವಯಸ್ಕರಿಗೆ 10 ಮಿಲಿ ರಸ, ಒಂದು ಚಮಚ ಜೇನಿನೊಡನೆ, ದಿನಕ್ಕೆ ಎರಡು ಬಾರಿ, ಐದಾರು ದಿನ. ಹೆಚ್ಚಾದರೆ ವಾಂತಿಯಾದೀತು. ಮಕ್ಕಳಿಗೆ ವೈದ್ಯರನ್ನು ಕೇಳದೆ ಕೊಡಬಾರದು. ವರ್ಷ ತುಂಬದ ಕೂಸಿಗೆ ಜೇನನ್ನು ನೆಕ್ಕಿಸಲೇಬಾರದು.

ಈ ಎಲೆಯ ಸತ್ವವನ್ನು ಆಧುನಿಕರೂ ಒಪ್ಪಿದ್ದಾರೆ. 1888ರಲ್ಲಿ ಹೂಪರ್ ಎಂಬುವರು ಇದರಿಂದ ವ್ಯಾಸಿಸಿನ್ ಎಂಬ ಸಸ್ಯಕ್ಷಾರವನ್ನು ಬೇರ್ಪಡಿಸಿದರು. ಕಫವನ್ನು ತೆಳುಗೊಳಿಸುವ ಬ್ರೋಮ್‌ಹೆಕ್ಸಿನ್ ಎಂಬ ಔಷಧವನ್ನು 1960ರ ದಶಕದಲ್ಲಿ ಅದರ ಮಾದರಿಯಲ್ಲಿಯೇ ರೂಪಿಸಿ ಬಳಕೆಗೆ ತಂದರು. ಆದರೆ ಇದೇ ವ್ಯಾಸಿಸಿನ್ ಗರ್ಭಾಶಯವನ್ನು ಸಂಕುಚಿಸುತ್ತದೆ ಎಂಬುದನ್ನು ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ತೋರಿಸಿದರು. ಗರ್ಭಿಣಿಯರು ಆಡುಸೋಗೆಯನ್ನು ಸೇವಿಸಬಾರದು. ಸೊಸೆಗೆ ಕೆಮ್ಮೆಂದು ಅಕ್ಕರೆಯಿಂದ ಕಷಾಯ ಕಾಯಿಸುವ ಅತ್ತೆಯವರು ಈ ಮಾತನ್ನು ದಯವಿಟ್ಟು ನೆನಪಿಡಬೇಕು.

ಇನ್ನೊಂದು ಸಂಗತಿಯನ್ನು ಹೇಳುವುದು ನಮಗೆ ಸುಲಭವಲ್ಲ. ವಾಸೆ ದೊರೆಯುವವರೆಗೆ ಕ್ಷಯರೋಗಿ ಎದೆಗುಂದಬೇಕಿಲ್ಲ ಎಂಬ ಭರವಸೆ ನಮ್ಮ ಶಾಸ್ತ್ರದಲ್ಲಿದೆ. ಕಿರಿಯ ವಯಸ್ಸಿನಲ್ಲಿ ನಾವು ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದೆವು. ಕೆಲವು ವರ್ಷಗಳ ಹಿಂದೆ ಜಿಗಣಿಯ ಕಡೆ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಮಿಕರೊಬ್ಬರ ಪತ್ನಿ ಮಗುವಿನ ನೆಗಡಿ ಕೆಮ್ಮಿಗೆಂದು ನಮ್ಮಲ್ಲಿಗೆ ಬಂದಿದ್ದರು. ಆಡುಸೋಗೆ ಕೊಡುವ ಕ್ರಮವನ್ನು ತಿಳಿಸಿದೆವು, ಮಗು ಚೇತರಿಸಿಕೊಂಡಿತು. ಮುಂದೆ ಪತಿಗೆ ಕೆಮ್ಮು ಬಂದಾಗ ಆಕೆ ಅದನ್ನೇ ಮೂರು ತಿಂಗಳು ಕುಡಿಸಿದರು. ಕಫ ಸಡಿಲಿ ರಾತ್ರಿ ನಿದ್ದೆ ಬರುತ್ತಿದ್ದುದರಿಂದ ಗುಣವಾಗುತ್ತಿದೆಯೆಂದೇ ಇಬ್ಬರೂ ನಂಬಿದ್ದರು. ಕಫದಲ್ಲಿ ರಕ್ತದ ಎಳೆ ಕಂಡ ದಿನ ಬಂದರು. ಪರೀಕ್ಷೆಯಲ್ಲಿ ಕ್ಷಯದ ರೋಗಾಣು ಇತ್ತು. ಸರ್ಕಾರದ ಉಚಿತ ಚಿಕಿತ್ಸೆಯಿಂದ ಆರು ತಿಂಗಳಲ್ಲಿ ಅವರು ಗುಣಮುಖರಾದರು. ಆದರೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಆ ಮಗುವಿಗೂ ಚಿಕಿತ್ಸೆ ಬೇಕಾಯಿತು. ಎಲೆ ತನ್ನ ಕೆಲಸವನ್ನು ಮಾಡಿತ್ತು. ಎಷ್ಟು ದಿನ ಕೊಡಬೇಕೆಂಬುದನ್ನು ಹೇಳಿ, ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೇಳದ ತಪ್ಪು ನಮ್ಮದು.

ಅಂದಿನಿಂದ ನಮ್ಮ ಚೀಟಿಯಲ್ಲಿ ಆಡುಸೋಗೆಯ ಕೆಳಗೆ ಇನ್ನೊಂದು ಸಾಲು ಇರುತ್ತದೆ: ಕೆಮ್ಮು ಎರಡು ವಾರವನ್ನು ತಲುಪಿದರೆ, ಸಂಜೆ ಜ್ವರ ಬಂದರೆ, ತೂಕ ಇಳಿದರೆ, ಕಫದಲ್ಲಿ ರಕ್ತ ಕಂಡರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಕಲ್ಲಿನ ಧೂಳಿನಲ್ಲಿ ದುಡಿಯುವವರ ಶ್ವಾಸಕೋಶಕ್ಕೆ ಕ್ಷಯ ಬೇಗ ತಗಲುತ್ತದೆ. ಅವರು ಎರಡು ವಾರವನ್ನೂ ಕಾಯದಿರುವುದು ಲೇಸು.

ನಮ್ಮ ಚಿಕಿತ್ಸಾಲಯದ ಹಿತ್ತಲಿನ ಆಡುಸೋಗೆ ಬೇಲಿಯನ್ನು ಪ್ರತಿ ವರ್ಷ ಆರಿದ್ರಾ ಮಳೆಯ ಹೊತ್ತಿಗೆ ಸವರುತ್ತೇವೆ. ಕಡ್ಡಿಗಳನ್ನು ಕಟ್ಟು ಕಟ್ಟಿ ಬಾಗಿಲ ಬಳಿ ಇಟ್ಟಿರುತ್ತೇವೆ, ಬೇಕಾದವರು ಒಯ್ಯಬಹುದು. ಬರುವಾಗ ಒದ್ದೆ ಮಾಡಿದ ಗೋಣಿತಾಟಿನ ತುಂಡೊಂದನ್ನು ತನ್ನಿ. ಮನೆ ಮುಟ್ಟುವವರೆಗೆ ಕಡ್ಡಿ ಬಾಡಬಾರದು.